ಒಡೆಯನ ಕಾಲಂ

ಎಡಗಡೆ ಹಳೆಯ ಮರ, ಬಲಗಡೆ ಹೊಸದು.
ಎರಡೂ ತಲೆಕೆಳಗು: ಬೇರು ಮೇಲೆ, ಎಲೆ ಕೆಳಗೆ.
ನಡುವಿನ ಬಿಳಿ ಬಯಲಲ್ಲಿ
ಮೌಸ್ ಹಿಡಿದು ಗೆರೆ ಎಳೆಯುವುದು ನನ್ನ ಕೆಲಸ.
ಇದಕ್ಕೆ ಅದು, ಅದಕ್ಕೆ ಇದು,
ಹೆಣ್ಣು ಗಂಡು ಕುದುರಿಸುವವಳ ಹಾಗೆ.

ಉಲಾನ್‌ಬಾತರಿನಲ್ಲಿ ಇವತ್ತು ಮೈನಸ್ ಮೂವತ್ತೊಂದು.
ಕಿಟಕಿಯಾಚೆ ಕಲ್ಲಿದ್ದಲ ಹೊಗೆ
ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದೆ.

ಹಳೆಯ ಮರದಲ್ಲಿ ಜನ ಮೊದಲು.
ಐಮಗ್‌ನೊಳಗೆ ಸುಮ್, ಸುಮ್‌ನೊಳಗೆ ಬಗ್,
ಬಗ್‌ನೊಳಗೆ ಮನೆ, ಮನೆಯೆಂದರೆ ಉಣ್ಣೆಯ ಗುಡಾರ,
ಗುಡಾರದ ಮಡಿಲಲ್ಲಿ ಕುದುರೆ, ದನ, ಒಂಟೆ, ಕುರಿ, ಆಡು.
ಐದು ಮೂತಿ ಎನ್ನುತ್ತೇವೆ ನಾವು.

ಹೊಸ ಮರದಲ್ಲಿ ಪ್ರಾಣಿಯೇ ಮೊದಲು.
ಕಿವಿಗೊಂದು ಓಲೆ, ಓಲೆಗೊಂದು ಸಂಖ್ಯೆ,
ಅದರ ಕೆಳಗೆ ಒಡೆಯ: ಒಬ್ಬನೇ, ಕಡ್ಡಾಯ.
ಪಕ್ಕದಲ್ಲಿ ಕೆಂಪು ನಕ್ಷತ್ರ ಇಟ್ಟಿದ್ದಾರೆ.

ಸುಲಭದ್ದು ಮೊದಲು ಮುಗಿಸಿದೆ.
ವಯಸ್ಸಿಗೆ ವಯಸ್ಸು, ಲಿಂಗಕ್ಕೆ ಲಿಂಗ.
ಹುಟ್ಟಿದ ತಿಂಗಳು ಎಂಬಲ್ಲಿ ಯಾರೋ
"ಗಾಳಿ ಜೋರಿದ್ದಾಗ" ಎಂದು ಬರೆದಿದ್ದರು,
ಅದಕ್ಕೆ ಏಪ್ರಿಲ್ ಕೊಟ್ಟೆ.

ಎಡವಿದ್ದು ಬಣ್ಣದಲ್ಲಿ.
ಅಲ್ಲಿ ಕುದುರೆಗೆ ನೂರಾರು:
ಹೊಗೆ ಹತ್ತಿದ ಹಾಲಿನ ಬಣ್ಣ,
ಬೆನ್ನುದ್ದಕ್ಕೂ ಕರಿಗೆರೆ ಎಳೆದ ಒಣಹುಲ್ಲಿನ ಬಣ್ಣ,
ಮೂತಿಯಷ್ಟನ್ನೇ ಹಿಮದಲ್ಲಿ ಅದ್ದಿ ತೆಗೆದ ಕಂದು.
ಇಲ್ಲಿ ಏಳು. ಏಳನೆಯದು "ಇತರೆ".
ಮೂರು ದಿನ ಕೂತು ಕೋಷ್ಟಕ ಬರೆದೆ.
ಎಂಟು ಸಾವಿರ ಕುದುರೆಗಳನ್ನು
ಇತರೆಯ ದೊಡ್ಡಿಗೆ ಅಟ್ಟಿದವಳು ನಾನೇ.

ಪ್ರತಿ ಮನೆಗೂ ಒಂದು ಸುತ್ತು,
ಆ ಮನೆಯ ಪ್ರತಿ ಪ್ರಾಣಿಗೂ ಒಳಸುತ್ತು.
ಒಳಸುತ್ತು ಮರೆತ ದಿನ
ಮನೆಗೊಂದೇ ಕುರಿ ದಾಟಿತು,
ಉಳಿದ ಮುನ್ನೂರು ಗಾಳಿಗೆ ಹೋದವು.
"ನಿನ್ನ ಒಂದು ಕ್ಲಿಕ್ಕು ಒಂದು ಜುಡ್" ಎಂದು ನಕ್ಕ ಬಾತ್‌ಸುಖ್.
ಜುಡ್ ಎಂದರೆ ಮಂದೆಗೆ ಮಂದೆಯೇ ನಿಂತಲ್ಲೇ ಸೆಟೆಯುವ ಚಳಿಗಾಲ.
ನಾನು ನಗಲಿಲ್ಲ.
ನಮ್ಮಜ್ಜಿ ಅಂಥದ್ದೊಂದು ಬೆಳಗ್ಗೆ
ಸತ್ತವನ್ನು ಕಿವಿ ಮುಟ್ಟಿ ಮುಟ್ಟಿ ಎಣಿಸಿದವಳು.

ಆಮೇಲೆ ಅದು ಸಿಕ್ಕಿತು.
ದೋಷದ ಸಾಲು: ಒಡೆಯ ಖಾಲಿ.
ಗಂಡು ಕುದುರೆ, ಹದಿನಾರು ವರ್ಷ,
ಷರಾ ಬರೆಯುವಲ್ಲಿ ಒಂದೇ ಮಾತು: ಸೆತೆರ್.

ಫೋನ್ ಮಾಡಿದೆ.
ಸಿಗ್ನಲ್ಲಿಗಾಗಿ ದಿಬ್ಬ ಹತ್ತಿದ ಮುದುಕ ಗೊಂಬೊಸುರೆನ್
ಏದುಸಿರಲ್ಲೇ ಹೇಳಿದ:
"ಅದಾ? ಬಿಟ್ಟ ಕುದುರೆ, ಮಗಳೇ.
ನೀಲಿ ರೇಷ್ಮೆ ಕಟ್ಟಿ ಬೆಟ್ಟಕ್ಕೆ ಬಿಟ್ಟದ್ದು.
ಏರುವ ಹಾಗಿಲ್ಲ, ಮಾರುವ ಹಾಗಿಲ್ಲ."
ಒಡೆಯ ಯಾರೆಂದು ಬರೆಯಲಿ?
"ಬೆಟ್ಟ."
ಯಾವ ಬೆಟ್ಟ?
"ಹೆಸರು ಹೇಳಬಾರದು, ಎದುರಿಗೇ ಇದೆ."
ಅದಕ್ಕೊಂದು ನೋಂದಣಿ ಸಂಖ್ಯೆ ಬೇಕಲ್ಲ ಎಂದೆ.
ಆ ಕಡೆ ಬರೀ ಗಾಳಿ.
ಆಮೇಲೆ ಕೆಮ್ಮು, ಅಥವಾ ನಗು.

"ಸರ್ಕಾರ ಅಂತ ಹಾಕು," ಎಂದ ಬಾತ್‌ಸುಖ್,
"ಇಲ್ಲಾ ಮುದುಕನ ಹೆಸರೇ ಹಾಕು, ಸೋಮವಾರ ಒಪ್ಪಿಸಬೇಕು."
ಹಾಕಿ ನೋಡಿದೆ, ಮೊದಲು ಇದು, ಆಮೇಲೆ ಅದು.
ಎರಡು ಸಲವೂ ಹಸಿರು ದೀಪ.
ಸುಳ್ಳಿಗೆ ಎಷ್ಟು ಬೇಗ ಹಸಿರು!
ಗೆರೆ ಅಳಿಸಿದೆ.

ಈಗ ರಾತ್ರಿ ಎರಡಕ್ಕೆ ಕೆಲಸ ತಾನೇ ಓಡುತ್ತದೆ.
ಎರಡು ಮರಗಳ ನಡುವಿನ ಬಯಲಲ್ಲಿ
ಇಡೀ ಸುಮ್‌ನ ಮಂದೆ, ಒಂದು ಚೂರೂ ಧೂಳೆಬ್ಬಿಸದೆ,
ಹನ್ನೆರಡು ನಿಮಿಷದಲ್ಲಿ ದಾಟುತ್ತದೆ.
ಬೆಳಗ್ಗೆ ವರದಿ:
ದಾಟಿದ್ದು ಎರಡು ಲಕ್ಷದ ಹನ್ನೊಂದು ಸಾವಿರದ ನಾನೂರ ಆರು.
ಉಳಿದದ್ದು ಒಂದು.

ಅದನ್ನು ಸರಿಮಾಡು ಎನ್ನುತ್ತಾನೆ ಬಾತ್‌ಸುಖ್
ಉಪ್ಪು ಚಹಾ ಊದುತ್ತಾ.
ಮಾಡ್ತೀನಿ ಎನ್ನುತ್ತೇನೆ.

ಅದರ ಬಣ್ಣದ ಕಾಲಂ ಕೂಡ ಖಾಲಿಯಿತ್ತು,
ನಿನ್ನೆ ಮತ್ತೆ ಫೋನ್ ಮಾಡಿದೆ. ಯಾವ ಬಣ್ಣ, ಅಜ್ಜ?
"ಯಾವಾಗ?" ಎಂದ ಮುದುಕ.