ನಲವತ್ನಾಲ್ಕನೆಯ ಸಾಲು

ಹಾಸನದ ಕಾಲೇಜು, ಮೂರನೇ ಮಹಡಿಯ ಲ್ಯಾಬು.
ಹಾಳೆ ಹಾರುತ್ತದೆಂದು ಫ್ಯಾನು ಆರಿಸಿ ಕೂತಿದ್ದೇನೆ.
ಮೇಜಿನ ಮೇಲೆ, ಮುಚ್ಚಿಹೋದ ಕಾಫಿ ಕ್ಯೂರಿಂಗಿನ
ಬಟವಾಡೆ ಪುಸ್ತಕ. ಬೀಜ ಹೆಕ್ಕುವ ಹೆಂಗಸರು,
ಎಪ್ಪತ್ತಮೂರನೇ ಇಸವಿ, ವಾರಕ್ಕೊಂದು ಸಹಿ.

ನನಗೆ ಬೇಕಿದ್ದದ್ದು ಬರೀ ಸ್ಯಾಂಪಲ್ಲು.
ಒತ್ತಕ್ಷರದ ಬಾಲ, ತಲೆಕಟ್ಟಿನ ಓರೆ,
ದೀರ್ಘ ಎಳೆಯುವಾಗ ಕೈ ಎಲ್ಲಿ ದಣಿಯುತ್ತದೆ,
ಇಷ್ಟನ್ನು ಅಳೆದು, ಬರೆದವರು ಯಾರೆಂದು
ಯಂತ್ರ ಹೇಳಬೇಕು.

ಹೇಳಿತು.
ದ್ಯಾವೀರಮ್ಮ, ಚೆಲುವಿ, ಲೂರ್ದಮ್ಮ, ಸಣ್ಣಹೊನ್ನಿ...
ಹೆಸರು ನಲವತ್ತಮೂರು, ಕೈ ಒಂದೇ.
ಕೋಡು ಕೆಟ್ಟಿದೆ ಅಂದುಕೊಂಡೆ.
'ಡೇಟಾ ಎಸೀರಿ, ಬೇರೆ ತನ್ನಿ' ಅಂದರು
ನನ್ನ ಗೈಡು ಧರಣೇಂದ್ರಯ್ಯ.

ರಾತ್ರಿ ಭೂತಗನ್ನಡಿ ಹಿಡಿದು ನಾನೇ ನೋಡಿದೆ.
ಯಾರೋ ಬಹಳ ಕಷ್ಟಪಟ್ಟಿದ್ದಾಳೆ:
ಚೆಲುವಿಗೆ ದುಂಡಗೆ,
ಲೂರ್ದಮ್ಮನಿಗೆ ಎಡಕ್ಕೆ ವಾಲಿಸಿ,
ಸಣ್ಣಹೊನ್ನಿಗೆ ಆಗತಾನೆ ಕಲಿತವಳ ನಡುಕ.
ಒಬ್ಬೊಬ್ಬಳ ಅಳತೆಗೂ ಒಂದೊಂದು ಕೈ ಹೊಲಿದಂತೆ.
ಕೊನೆಯ ಅಕ್ಷರದಿಂದ ಪೆನ್ನು ಎತ್ತುವಲ್ಲಿ ಮಾತ್ರ
ಸಿಕ್ಕಿಬಿದ್ದಿದ್ದಾಳೆ. ಆ ಅವಸರ
ಬಚ್ಚಿಡಲು ಆಗಿಲ್ಲ.

ನಲವತ್ನಾಲ್ಕನೆಯ ಸಾಲು, ಜುಲೇಖಾಬಿ.
ಅಲ್ಲಿ ಹೆಬ್ಬೆಟ್ಟು.
ಕಲೆ ಅಂದುಕೊಂಡು ಯಂತ್ರ
ಓದುವ ಮೊದಲೇ ಒರೆಸಿಹಾಕಿತ್ತು.
ಗುಮಾಸ್ತನ ಪ್ಯಾಡು ನೇರಳೆ, ಪುಟಕ್ಕೊಂದು ಮೊಹರು ನೇರಳೆ.
ಈ ಹೆಬ್ಬೆಟ್ಟು ನೀಲಿ,
ಮೇಲಿನ ಅಷ್ಟೂ ಸಹಿಗಳದೇ ನೀಲಿ,
ಸೋರುವ ಪೆನ್ನಿನದು.

ಯಾಕೆ ಅಂತ ಪುಸ್ತಕ ಹೇಳುವುದಿಲ್ಲ.
ಬೆರಳ ಸುಳಿ ಓದಲು ನನ್ನ ಯಂತ್ರಕ್ಕೆ ಬಾರದು.
ಕಲೆ ಒರೆಸುವ ಎರಡು ಸಾಲು ಕೋಡು
ಇವತ್ತು ತೆಗೆದೆ.
ನಿಖರತೆ ಶೇಕಡಾ ಮೂರು ಇಳಿಯಿತು.
ಇಳಿಯಲಿ.