ಅರವತ್ತಮೂರರ ಜರಡಿ

ಬ್ರೇಮರ್‌ಹಾಫನ್ನಿನ ಮೀನಿನ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಸಿಗಡಿ ಆರಿಸಿದವಳು ನಾನು.
ದಪ್ಪದ್ದು ಈ ಬುಟ್ಟಿ, ಸಣ್ಣದ್ದು ಆ ಬುಟ್ಟಿ,
ಇನ್ನೂ ಸಣ್ಣದ್ದು ಕೋಳಿಗೆ.
ಕಾರ್ಖಾನೆ ಮುಚ್ಚಿತು. ಕೈ ಮುಚ್ಚಲಿಲ್ಲ.
ಈಗ ಅದೇ ಬಂದರಿನ ಇನ್ನೊಂದು ಕಟ್ಟಡದಲ್ಲಿ
ಕಡಲ ತಳದ ಕೆಸರು ತೊಳೆಯುತ್ತೇನೆ.

ಗ್ರೀನ್‌ಲ್ಯಾಂಡಿನ ತೆಂಕಣಕ್ಕೆ, ಮೂರು ಕಿಲೋಮೀಟರು ನೀರಿನಡಿ,
ಕೊಳವೆ ಚುಚ್ಚಿ ಎತ್ತಿದ್ದು.
ಸೀಳಿ ಮಲಗಿಸಿದರೆ ಬೂದು ಹಾವು.
ಗೇಣಿಗೆ ಎರಡು ಸಾವಿರ ವರ್ಷವಂತೆ.
ವರ್ಷದ ಲೆಕ್ಕ ತ್ಯಾರ್ಕ್‌ನದು,
ಗೇಣು ನನ್ನದು.

ನಲ್ಲಿ ಸಣ್ಣಗೆ ಬಿಡಬೇಕು.
ಜೋರಾದರೆ ಚಿಪ್ಪು ಒಡೆಯುತ್ತದೆ,
ಒಡೆದದ್ದು ಸುಳ್ಳು ಹೇಳುತ್ತದೆ.
ಅರವತ್ತಮೂರು ಮೈಕ್ರಾನಿನ ಜರಡಿ:
ಹಿಟ್ಟು ಕೆಳಗೆ, ರವೆ ಮೇಲೆ.
ರವೆಯೆಂದೆನಲ್ಲ, ಒಂದೊಂದೂ ಮನೆ,
ಕೋಣೆಯ ಬೆನ್ನಿಗೆ ಕೋಣೆ ಸುತ್ತಿಸಿ ಕಟ್ಟಿಕೊಂಡದ್ದು;
ಬಾಗಿಲು ಇನ್ನೂ ತೆರೆದೇ ಇದೆ.

ಬೆಚ್ಚನೆಯ ಕಾಲದವು ದುಂಡಗೆ, ಬಲಕ್ಕೆ ಸುತ್ತಿದವು.
ಹಿಮದ ಕಾಲದವು ಚಿಕ್ಕವು, ಗಟ್ಟಿ, ಎಡಕ್ಕೆ ತಿರುಗಿದವು,
ಕೋಟಿನೊಳಗೆ ಕತ್ತು ಎಳೆದುಕೊಂಡ ಮುದುಕರ ಹಾಗೆ.
ಮೂರೇ ಕೂದಲಿನ ಕುಂಚ ತೇವಮಾಡಿ ಎತ್ತುತ್ತೇನೆ:
ಎಡ, ಎಡ, ಬಲ, ಎಡ, ಎಡ, ಎಡ.
ಮುನ್ನೂರು ಮುಗಿಯುವ ಹೊತ್ತಿಗೆ ಊಟದ ಗಂಟೆ.

ಕೆಳಗಿಳಿದ ಹಿಟ್ಟೂ ಸುಮ್ಮನಿಲ್ಲ.
ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ;
ಅಲ್ಲಿ ಗಾಳಿಯೆಲ್ಲಿ? ನೀರೇ ತೂರುತ್ತದೆ.
ತಳದ ಹರಿವು ಮೈದುಂಬಿದ ಶತಮಾನಗಳಲ್ಲಿ
ನುಣ್ಣನೆಯದೆಲ್ಲ ಹಾರಿಹೋಗಿ ತರಿ ಉಳಿಯಿತು.
ಹರಿವು ಮಂಕಾದಾಗ ಧೂಳು ಇಳಿಯಿತು,
ಮಗುವಿನ ಕೆನ್ನೆಗೆ ಹಚ್ಚಬಹುದಾದಂಥ ಧೂಳು.
ತ್ಯಾರ್ಕ್ ಅದನ್ನು ಯಂತ್ರಕ್ಕೆ ಕುಡಿಸುತ್ತಾನೆ,
ಪರದೆಯಲ್ಲೊಂದು ಗುಡ್ಡ ಏಳುತ್ತದೆ.
ನೆತ್ತಿ ಬಲಕ್ಕೆ ಜರುಗಿದರೆ ನೀರು ಓಡುತ್ತಿತ್ತು,
ಎಡಕ್ಕೆ ಜರುಗಿದರೆ ತೂಕಡಿಸುತ್ತಿತ್ತು.
ಅಷ್ಟೇ. ಅಷ್ಟು ದೊಡ್ಡ ಕಡಲು,
ಬರೆದಿಟ್ಟ ಚೀಟಿ ಇಷ್ಟೇ.

ಮಂಗಳವಾರ, ನೂರ ನಲವತ್ತೆರಡನೆಯ ಸೆಂಟಿಮೀಟರಿನಲ್ಲಿ,
ರವೆಯ ತೂಕ ಒಮ್ಮೆಲೇ ನೆಗೆಯಿತು.
‘ಏನೋ ಕೊಳಕು ಸೇರಿದೆ, ಗೇಶೆ.
ಅಳಿಸಿಬಿಡುತ್ತೇನೆ, ಸರಾಸರಿ ಕೆಡುತ್ತದೆ.’
ನನ್ನ ಜರಡಿಯಲ್ಲಿ ಕೊಳಕು!
ಉತ್ತರ ಕೊಡಲಿಲ್ಲ. ತಟ್ಟೆ ಎಳೆದುಕೊಂಡೆ.

ಬಿಳಿ ಚಿಪ್ಪುಗಳ ನಡುವೆ ಒಂದು ಕಲ್ಲು.
ಮಸೂರ ಬೇಳೆಯಷ್ಟು, ಅದೇ ಕೆಂಪು, ಮೂಲೆಗಳು ಚೂಪು.
ಯಾವ ಹರಿವೂ ಇದನ್ನು ಇಲ್ಲಿಗೆ ಉರುಳಿಸಿರಲಾರದು,
ಉರುಳಿದ್ದರೆ ಮೂಲೆ ಸವೆಯುತ್ತಿತ್ತು.
ಯಾವುದೋ ಬೆಟ್ಟವನ್ನು ಕೆರೆದ ಮಂಜುಗಡ್ಡೆ
ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತೇಲಿ ಬಂದು
ನಡುಗಡಲಲ್ಲಿ ಕರಗಿ, ಕೈ ಬಿಟ್ಟಿತು.

ಸಿಗಡಿ ಬುಟ್ಟಿಯಲ್ಲಿ ಕಲ್ಲು ಸಿಕ್ಕರೆ
ಮೇಸ್ತ್ರಿ ದಿನದ ಕೂಲಿ ಮುರಿಯುತ್ತಿದ್ದ.
ತ್ಯಾರ್ಕ್ ಮಸೂರದ ಕಣ್ಣಿಟ್ಟು ಬಹಳ ಹೊತ್ತು ನೋಡಿದ,
ಆಮೇಲೆ ಕುರ್ಚಿ ನನಗೇ ಬಿಟ್ಟುಕೊಟ್ಟು
ಕಾಫಿ ತರಲು ಹೋದ.

ಕಿಟಕಿಯಾಚೆ ವೇಸರ್ ನದಿ ಇಳಿತದಲ್ಲಿತ್ತು,
ದೋಣಿಗಳು ಕೆಸರಿನ ಮೇಲೆ ಕೂತಿದ್ದವು.
ಮೂರು ಕಿಲೋಮೀಟರು ಕತ್ತಲೆಯಲ್ಲಿ ಇಳಿದು
ಅದು ತಳ ಮುಟ್ಟಿದಾಗ ಯಾರೂ ಕೇಳಿರಲಿಲ್ಲ.
ಚಿಮಟದಲ್ಲಿ ಎತ್ತಿ ಗಾಜಿನ ಬಟ್ಟಲಿಗೆ ಬಿಟ್ಟೆ.

ಟಿಣ್ ಎಂದಿತು.