ಬಂದ್ ಐತಿ

ಗ್ಯಾಸಿನ ಕಿವಿ ಹಿಂಡಿ ಬಂದ್ ಮಾಡ್ತೀನಿ.
ಬಂದ್ ಐತಿ.
ಕೀಲಿ ಹಾಕಿ, ಜುವಾರಿನಗರದ ಇಳಿಜಾರಿನಾಗ
ಹತ್ತು ಹೆಜ್ಜಿ ಇಳಿದಿರಂಗಿಲ್ಲ, ಕೈ ಕೇಳತೈತಿ:
ಖರೇನ ಹಿಂಡಿದ್ಯಾ?
ವಾಪಸ್.

ಏಳು ಸಲ ಮುಟ್ಟಿದ್ರ ಸಮಾಧಾನ. ಆರು ಅಪಾಯ.
ಎಂಟಾತಂದ್ರ ಮತ್ತ ಒಂದರಿಂದ.
ಕಣ್ಣು ಕಂಡದ್ದು ಮನಸಿಗೆ ಮುಟ್ಟವಲ್ದು,
ನಡುವ ಯಾವುದೋ ತಂತಿ ಹರಿದಂಗ.
ಇದು ಸುಳ್ಳಂಜಿಕಿ ಅಂತ ನನಗ ಗೊತ್ತೈತಿ,
ಅದ ದೊಡ್ಡ ತ್ರಾಸು.

ವೆರ್ಣಾ ಕಂಪನಿ ಬಸ್ಸು ಎಷ್ಟೋ ಸಲ ಬಿಟ್ಟು ಹೋತು.
ಅತ್ತಿ ಗಾಳಿ ಸೋಕೈತಿ ಅಂತ ತಾಯತ ಕಟ್ಟಿದ್ಲು;
ಅದರ ಗಂಟೂ ಎಣಿಸಾಕ ಹತ್ತಿದೆ.
ಗಂಡ ಅಂದ: ಕೆಲಸಿಲ್ಲದ ತಲಿ.
ಪ್ಯಾಕಿಂಗ್ ಸಾಲಿನಾಗ ಮಾತ್ರ ನನಗ ಶಹಬ್ಬಾಸ್,
ಗುಳಿಗಿ ಪಟ್ಟಿ ಎಣಿಸೂದ್ರಾಗ ಒಂದೂ ತಪ್ಪಿಲ್ಲ.
ಯಾರ ಯಾವ ಬ್ಯಾನಿಗೋ ಆ ಗುಳಿಗಿ,
ಹೆಸರು ಓದಿದಾಕಿ ಅಲ್ಲ.

ಆ ಸೋಮವಾರ ಬಾಗಿಲ ಸಂದಿಯಿಂದ ನೋಡಿದೆ:
ತನುಜಾ, ಇನ್ನೂ ಆರು ತುಂಬಿಲ್ಲ,
ಸ್ಟೂಲ್ ಏರಿ ಗ್ಯಾಸಿನ ಕಿವಿ ಮುಟ್ಟಿ ಮುಟ್ಟಿ
ಒಂದು, ಎರಡು, ಮೂರು...
ನಾಲ್ಕಕ್ಕ ನನ್ನ ಕಡೆ ತಿರುಗಿ,
"ಅವ್ವಾ, ನೀ ಹೋಗು. ಇನ್ನ ನಾ ನೋಡ್ತೀನಿ."

ಅವತ್ತ ಪಾಳಿ ಬಿಟ್ಟೆ.
ಎಸ್ಪೆರಾನ್ಸಾ ಜತಿಗೆ ಬಂದ್ಲು.
ಅಕಿ ತಮ್ಮ ಎರಡು ವರ್ಷ ಅಲ್ಲೇ ತೋರಿಸ್ಯಾನಂತ,
ಬಂಗಡೆ ರೇಟು ಹೇಳಿದಂಗ ಹೇಳಿದ್ಲು, ದನಿ ಸಣ್ಣ ಮಾಡದ.
ಬಾಂಬೋಳಿ ಆಸ್ಪತ್ರಿ. ಚೀಟಿ ನಂಬರು ನಲವತ್ತೊಂದು.
ಬಾಕಿನ ಮ್ಯಾಲ ಕಾಲೇಜು ಹುಡುಗ, ಒಬ್ಬ ಪೊಲೀಸಪ್ಪ,
ಹಸಿ ಬಾಣಂತಿ ಒಬ್ಬಾಕಿ, ಕೂಸಿನ ಮಾರಿ ನೋಡದ ಕುಂತಾಕಿ.

ಡಾಕ್ಟರ್ ಬಾಯಿ ಹಿಂದಿಗೆ ಕೊಂಕಣಿ ಕಲಸಿ ಕೇಳಿದ್ಲು:
ದಿನಕ್ಕ ಎಷ್ಟು ಹೊತ್ತು ತಿಂತೈತಿ ಇದು?
ಎಲ್ಲಾ ಎಣಿಸಿದಾಕಿ ಅದೊಂದು ಎಣಿಸಿರಲಿಲ್ಲ.
ಬೆರಳು ಮಡಚಿದೆ. ಮುಂಜಾನೆ, ಸಂಜಿ, ನಡುರಾತ್ರಿ ಎದ್ದದ್ದು...
ಮೂರು ತಾಸು ದಾಟ್ತು.
"ಇದಕ್ಕ ಹೆಸರೈತಿ," ಅಂದ್ಲು, "ಮದ್ದೂ ಐತಿ.
ದಿನಾ ತಾಸುಗಟ್ಟಲೆ ತಿನ್ನಾಕ ಹತ್ತಿದಾಗನ ಬರಬೇಕು.
ಇರಲಿ. ಬಂದೀಯಲ್ಲ."
ಬರೆದುಕೊಟ್ಟ ಗುಳಿಗಿ ನಮ್ಮ ಕಂಪನಿದಲ್ಲ,
ನೋಡಿದೆ.

ಈಗ ಹತ್ತನೇ ವಾರ.
ಒಂದ ಸಲ ಮುಟ್ಟಿ ಹೊರಬೀಳೂದು,
ಅಂಜಿಕಿ ಬಂದ್ರ ಬರಲಿ, ಅದರ ಜೋಡಿನ
ಬಸ್ ಸ್ಟಾಪಿನ ತನಕ ನಡಿಯೂದು.
ಇದು ನನ್ನ ಮನಿಪಾಠ.
ನಿನ್ನಿ ಎರಡು ಸಲ ಮುಟ್ಟಿದೆ,
ವಹಿಯಾಗ ಎರಡು ಅಂತನ ಬರದೆ.

ಸ್ಟೂಲ್ ಎತ್ತಿ ಹೊರಗಿಟ್ಟೀನಿ.
ಅದರ ಮ್ಯಾಲ ನಿಂತು ತನುಜಾ
ದಾಬೋಳಿಗೆ ಇಳಿಯೋ ವಿಮಾನ ಎಣಿಸ್ತಾಳ.
ಅವನ್ನ ಎಣಿಸಲಿ.